ಕೀಲು ಯಾವ ಕಡೆ ತಿರುಗುತ್ತಿಲ್ಲ? ನಾನು ನೋಡುವ ರೀತಿ

ಗುಳೇದಗುಡ್ಡದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ನೇಕಾರರು, ಹೊಲದ ಕೆಲಸದವರು, ದಿನಾ ರೊಟ್ಟಿ ಬಡಿಯುವ ಹೆಣ್ಣುಮಕ್ಕಳೇ ಜಾಸ್ತಿ. ಎಲ್ಲರೂ ನೋವಿನ ಜಾಗಕ್ಕೆ ಬೆರಳಿಟ್ಟು ತೋರಿಸುತ್ತಾರೆ. ನಾನು ಅಲ್ಲಿ ಒತ್ತುವುದಿಲ್ಲ. ಆ ಕೀಲು ಯಾವ್ಯಾವ ಕಡೆ ಆಡಬೇಕೋ ಆ ಕಡೆಗೆಲ್ಲ ಆಡುತ್ತಾ ಅಂತ ಮೊದಲು ನೋಡುತ್ತೇನೆ. ಒಂದು ಸಲ ಅವರೇ ಆಡಿಸಬೇಕು, ಇನ್ನೊಂದು ಸಲ ಅವರು ಸಡಿಲ ಬಿಡಬೇಕು, ನಾನು ಆಡಿಸುತ್ತೇನೆ.

ಭುಜದಲ್ಲಿ ಇದರ ಉಪಯೋಗ ಚೆನ್ನಾಗಿ ಗೊತ್ತಾಗುತ್ತದೆ. ಅದು ಚೆಂಡು ಮತ್ತು ಗುಳಿ ಕೀಲು. ಗುಳಿ ಆಳ ಇಲ್ಲ, ಅದಕ್ಕೇ ಎಲ್ಲ ಕಡೆ ತಿರುಗುತ್ತದೆ, ಬೇಗ ಜಾರುತ್ತದೆ ಕೂಡ. (ತೊಡೆಸಂದಿನದೂ ಇದೇ ಜಾತಿ, ಆದರೆ ಮೈಭಾರ ಹೊರಬೇಕಲ್ಲ, ಅಲ್ಲಿ ಗುಳಿ ಆಳ.) ಕೈ ಪೂರ್ತಿ ಮೇಲೆತ್ತಿದರೆ ಸುಮಾರು 180 ಡಿಗ್ರಿ, ಅದರಲ್ಲಿ ಹೆಚ್ಚುಕಮ್ಮಿ 120 ಈ ಕೀಲಿನದು, ಉಳಿದ 60 ಬೆನ್ನ ಮೇಲಿನ ಹೆಗಲ ಮೂಳೆ ಸರಿದು ಬರುವುದು. ಹಾಗಾಗಿ ನನ್ನ ಒಂದು ಕೈ ಯಾವಾಗಲೂ ಆ ಹೆಗಲ ಮೂಳೆಯ ಮೇಲೆ ಇರುತ್ತದೆ. "ಎತ್ತಾಕ ಬರ್ತೈತ್ರೀ" ಅಂತ ಹೇಳುತ್ತಲೇ ಇಡೀ ಹೆಗಲನ್ನು ಕಿವಿಯ ಕಡೆ ಎಳೆದುಕೊಳ್ಳುತ್ತಾರೆ, ಸುಮ್ನೆ ಎದುರು ನಿಂತು ನೋಡಿದರೆ ಮೋಸ ಹೋಗುತ್ತೀರಿ.

ಆಮೇಲೆ ಮೊಣಕೈಯನ್ನು ಪಕ್ಕೆಗೆ ಒತ್ತಿಸಿ, ಮುಂಗೈಯನ್ನು ಹೊರಗೆ ತಿರುಗಿಸಲು ಹೇಳುತ್ತೇನೆ. ಅವರಿಗೂ ಆಗಲ್ಲ, ನಾನು ತಿರುಗಿಸಿದರೂ ಹೋಗಲ್ಲ ಅಂದರೆ ಕೀಲಿನ ಸುತ್ತಲ ಚೀಲವೇ ಬಿಗಿದಿರಬಹುದು, ಅದನ್ನೇ ಫ್ರೋಜನ್ ಶೋಲ್ಡರ್ ಅನ್ನುವುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಜಾಸ್ತಿ, ಅದಕ್ಕೆ ಶುಗರ್ ಕೇಳದೆ ಬಿಡುವುದಿಲ್ಲ. ನಾನು ತಿರುಗಿಸಿದರೆ ಸಲೀಸಾಗಿ ಹೋಗುತ್ತದೆ, ಅವರಿಗೆ ಮಾತ್ರ ಆಗಲ್ಲ ಅಂದರೆ ಸಂಶಯ ಸ್ನಾಯು, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಅಥವಾ ನರದ ಮೇಲೆ. ವ್ಯಾಯಾಮವೂ ಬೇರೆ ಆಗುತ್ತದೆ. ನಮ್ಮೂರ ಅಜ್ಜಿಯಂದಿರು ಖಣದ ಕುಪ್ಪಸವನ್ನು ಮುಂದೆ ಗಂಟು ಹಾಕುತ್ತಾರೆ, ಹಾಗಾಗಿ ಕೈ ಬೆನ್ನ ಹಿಂದೆ ಹೋಗುತ್ತಿಲ್ಲ ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ. "ತಲಿ ಬಾಚ್ಕೊಳ್ಳಾಕ ಆಕ್ಕೈತೇನ್ಬೇ ಯವ್ವಾ?" ಅಂತ ಕೇಳಿದರೆ ಆಗ ಬಾಯಿಬಿಡುತ್ತಾರೆ.

ಮೊಣಕಾಲನ್ನು ಶಾಲೆಯಲ್ಲಿ ಬಿಜಾಗರಿ ಕೀಲು ಅಂತ ಓದಿರುತ್ತೇವೆ ಅಲ್ವಾ, ಅದು ಪೂರ್ತಿ ನಿಜ ಅಲ್ಲ. ಕಾಲು ನೆಟ್ಟಗಾಗುವ ಕೊನೆಯ ಹಂತದಲ್ಲಿ ಮೊಣಕಾಲ ಕೆಳಗಿನ ಮೂಳೆ ಸ್ವಲ್ಪ ಹೊರಕ್ಕೆ ತಿರುಗುತ್ತದೆ, ಆಗಲೇ ಮೊಣಕಾಲು ಲಾಕ್ ಆಗುವುದು. ಕುಣಿಮಗ್ಗದಲ್ಲಿ (ನೆಲದ ಕುಣಿಯೊಳಗೆ ಕಾಲಿಳಿಸಿ ನೇಯುವ ಮಗ್ಗ) ಕಾಲು ಮಡಚಿ ಕೂತೇ ವಯಸ್ಸಾದವರಲ್ಲಿ ನಾನು ಮೊದಲು ನೋಡುವುದು ಈ ಕೊನೆಯ ಹಂತವನ್ನೇ. ಅಂಗಾತ ಮಲಗಿಸಿ, ಮೊಣಕಾಲ ಹಿಂದೆ ನನ್ನ ಅಂಗೈ ಸಲೀಸಾಗಿ ನುಗ್ಗಿದರೆ ಕಾಲು ನೆಟ್ಟಗಾಗಿಲ್ಲ ಅಂತ ಲೆಕ್ಕ. ಅಲ್ಲೇ ಟವೆಲ್ ಸುತ್ತಿ ಇಟ್ಟು, ಅದನ್ನು ಮೊಣಕಾಲಿನಿಂದ ಕೆಳಗೆ ಒತ್ತಿಸುವುದರಿಂದ ಶುರು ಮಾಡುತ್ತೇನೆ. ಮೊಣಕಾಲು ಚೆನ್ನಾಗಿ ಆಡುತ್ತಿದ್ದರೂ ನೋವು ಅಂದರೆ ತೊಡೆಸಂದನ್ನು ತಿರುಗಿಸಿ ನೋಡುತ್ತೇನೆ, ಯಾಕಂದರೆ ಅಲ್ಲಿನ ತೊಂದರೆ ಮೊಣಕಾಲಲ್ಲಿ ನೋವಾಗಿ ಕಾಣಿಸಿಕೊಳ್ಳುವುದುಂಟು.

ರೊಟ್ಟಿ ಬಡಿಯುವವರಲ್ಲಿ ಹೆಬ್ಬೆರಳ ಬುಡ ನೋಡುತ್ತೇನೆ. ಅದು ಕುದುರೆಯ ಮೇಲೆ ಹಾಕುವ ತಡಿಯ ಆಕಾರದ ಕೀಲು, ಹಿಂದೆ ಮುಂದೆ, ಅಕ್ಕಪಕ್ಕ ಎರಡೂ ಕಡೆ ಆಡುತ್ತದೆ.

ಬಿದ್ದು ಬಂದವರ, ಕೀಲು ಊದಿ ಬಿಸಿಯಾಗಿರುವವರ, ಜ್ವರ ಇರುವವರ ಕೀಲನ್ನು ಮಾತ್ರ ನಾನು ಆಡಿಸುವುದೇ ಇಲ್ಲ. ಅವರನ್ನು ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ.