ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್: ಮಲಗಿದ ಕಾರ್ಡನ್ನು ಎಬ್ಬಿಸುವುದು ಹೇಗೆ?

ಮದುವೆ ಸೀಸನ್ ಜೋರಾಗಿದ್ದಾಗ ನಮ್ಮ ಬೀದಿಯ ಸ್ಟುಡಿಯೊ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ಮುಖ ಸಪ್ಪಗಿತ್ತು. "ಸಾರ್, ಗ್ರಾಫಿಕ್ಸ್ ಕಾರ್ಡ್ ಇದೆ ಅಂತಲೇ ಜಾಸ್ತಿ ದುಡ್ಡು ಕೊಟ್ಟು ತಗೊಂಡೆ. ಈಗ ಧಾರೆ ಕ್ಲಿಪ್ ಪ್ಲೇ ಮಾಡಿದ್ರೆ ಅಕ್ಷತೆ ಕಾಳು ಗಾಳಿಯಲ್ಲೇ ನಿಂತುಬಿಡುತ್ತೆ" ಎಂದ. ರಿಪೇರಿ ಅಂಗಡಿಯವರು ಕಾರ್ಡ್ ಹೋಗಿರಬೇಕು, ಬೋರ್ಡ್ ಬಿಚ್ಚಿ ನೋಡಬೇಕು ಎಂದಿದ್ದರಂತೆ.

ಬೋರ್ಡ್ ಬಿಚ್ಚುವ ಮೊದಲು, ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದೆವು. ಜಿಪಿಯು ಎಂದರೆ ಗ್ರಾಫಿಕ್ಸ್ ಚಿಪ್. ಜಿಪಿಯು 0 ಎಂಬಲ್ಲಿ 98%. ಜಿಪಿಯು 1 ಎಂಬಲ್ಲಿ 0%. ಕಾರ್ಡ್ ಹೋಗಿರಲಿಲ್ಲ. ಸುಮ್ನೆ ಮಲಗಿತ್ತು, ಅಷ್ಟೇ.

ಒಳಗೆ ಇರುವುದು ಇಬ್ಬರು

ಇಂತಹ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಬಿಡಿಸುವ ಚಿಪ್ ಎರಡಿರುತ್ತವೆ. ಒಂದು ಪ್ರೊಸೆಸರ್ ಜೊತೆಗೇ ಬರುವ ಸಣ್ಣದು. ಇಂಟೆಲ್ ಐರಿಸ್ ಎಕ್ಸ್‌ಇ, ಯುಎಚ್‌ಡಿ ಅಥವಾ ಎಎಂಡಿ ರೇಡಿಯಾನ್ ಎಂಬ ಹೆಸರಿನಲ್ಲಿ ಕಾಣುತ್ತದೆ. ಇನ್ನೊಂದು ಬೇರೆಯಾಗಿ ಕೂರಿಸಿದ ದೊಡ್ಡದು. ಸಾಮಾನ್ಯವಾಗಿ ಎನ್‌ವಿಡಿಯಾದ ಜಿಫೋರ್ಸ್, ಕೆಲವದರಲ್ಲಿ ಎಎಂಡಿಯದು.

ಮನೆಮಂದಿಗಷ್ಟೇ ಊಟವಾದರೆ ಮನೆಯವರೇ ಅಡುಗೆ ಮಾಡುತ್ತಾರೆ. ಮದುವೆಯೆಂದರೆ ಅಡುಗೆ ಭಟ್ಟರನ್ನು ಕರೆಸಬೇಕು. ಆದರೆ ಭಟ್ಟರು ಮಾಡಿದ್ದನ್ನು ಬಡಿಸುವವರು ಮನೆಯವರೇ. ಲ್ಯಾಪ್‌ಟಾಪ್‌ನಲ್ಲೂ ಬಹುಪಾಲು ಹೀಗೇ. ಸ್ಕ್ರೀನ್ ಜೋಡಿಸಿರುವುದು ಸಣ್ಣ ಚಿಪ್‌ಗೆ. ದೊಡ್ಡದು ಚಿತ್ರ ತಯಾರಿಸಿ ಸಣ್ಣದರ ಕೈಗೆ ಕೊಡುತ್ತದೆ, ಅದು ಸ್ಕ್ರೀನಿಗೆ ಬಡಿಸುತ್ತದೆ. 2010ರಲ್ಲಿ ಎನ್‌ವಿಡಿಯಾ ಇದನ್ನು ಆಪ್ಟಿಮಸ್ ಎಂಬ ಹೆಸರಿನಲ್ಲಿ ತಂದಿತು. ಕೆಲಸವಿಲ್ಲದಾಗ ದೊಡ್ಡದನ್ನು ಪೂರ್ತಿ ಆಫ್ ಮಾಡಿ ಬ್ಯಾಟರಿ ಉಳಿಸುವುದು ಇದರ ಉದ್ದೇಶ.

ಉದ್ದೇಶ ಒಳ್ಳೆಯದೇ. ತೊಂದರೆ ಏನೆಂದರೆ, ಭಟ್ಟರನ್ನು ಕರೆಸಬೇಕೋ ಬೇಡವೋ ಎಂದು ಹೇಳುವವರು ಮನೆಯಲ್ಲಿ ಹಲವರು. ವಿಂಡೋಸ್ ಒಂದು ಹೇಳುತ್ತದೆ, ಎನ್‌ವಿಡಿಯಾದ ಪ್ಯಾನೆಲ್ ಇನ್ನೊಂದು, ಲ್ಯಾಪ್‌ಟಾಪ್ ಕಂಪನಿಯ ಆ್ಯಪ್ ಮತ್ತೊಂದು. ಇವರೆಲ್ಲರ ಮೇಲೆ ಬಯೋಸ್, ಅಂದರೆ ವಿಂಡೋಸ್‌ಗಿಂತ ಮೊದಲೇ ಏಳುವ, ಲ್ಯಾಪ್‌ಟಾಪ್‌ನ ಮೂಲ ಸಾಫ್ಟ್‌ವೇರ್. ಇವರ ಮಾತು ಒಂದಕ್ಕೊಂದು ತಾಳೆಯಾಗದಿದ್ದಾಗಲೇ ಗೋಳು ಶುರು.

ಮೊದಲು ನೋಡಿ, ಆಮೇಲೆ ಮುಟ್ಟಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗಿ. ಎಡಗಡೆ ಕೆಳಗೆ ಜಿಪಿಯು 0, ಜಿಪಿಯು 1 ಕಾಣಬೇಕು. ಪಕ್ಕದಲ್ಲೇ ಹೆಸರು ಇರುತ್ತದೆ. ಸಾಮಾನ್ಯವಾಗಿ 0 ಸಣ್ಣದು, 1 ದೊಡ್ಡದು. ಆದರೂ ನಂಬರ್ ನೋಡಿ ತೀರ್ಮಾನ ಮಾಡಬೇಡಿ, ಹೆಸರು ಓದಿ.

ಈಗ ತೊಂದರೆ ಕೊಡುವ ಗೇಮ್ ಅಥವಾ ಸಾಫ್ಟ್‌ವೇರ್ ಓಡಿಸಿ, ಇಲ್ಲಿಗೆ ವಾಪಸ್ ಬನ್ನಿ. ದೊಡ್ಡದು ದುಡಿಯುತ್ತಿದ್ದು ಸಣ್ಣದೂ ಸ್ವಲ್ಪ ಕೆಲಸ ಮಾಡುತ್ತಿದ್ದರೆ ಗಾಬರಿ ಬೇಡ. ಬಡಿಸುವ ಕೆಲಸ ಅದರದ್ದೇ ಅಲ್ವಾ? ಸಣ್ಣದು ಏದುಸಿರು ಬಿಡುತ್ತಾ ದೊಡ್ಡದು ಸೊನ್ನೆಯಲ್ಲಿದ್ದರೆ ಮಾತ್ರ ಕರೆ ಹೋಗಿಲ್ಲ ಎಂದರ್ಥ. ದೊಡ್ಡದರ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಬೇರೆಯದೇ ಕಥೆ. ಅದನ್ನೇ ಮೊದಲು ನೋಡೋಣ.

ಹೆಸರೇ ಕಾಣೆಯಾಗಿದ್ದರೆ

ಹತ್ತರಲ್ಲಿ ಹಲವು ಸಲ ಇದಕ್ಕೆ ಕಾರಣ ಲ್ಯಾಪ್‌ಟಾಪ್ ಕಂಪನಿಯ ಆ್ಯಪ್. ಅಸೂಸ್‌ನಲ್ಲಿ ಆರ್ಮರಿ ಕ್ರೇಟ್, ಲೆನೊವೊದಲ್ಲಿ ವಾಂಟೇಜ್, ಎಚ್‌ಪಿಯಲ್ಲಿ ಒಮೆನ್ ಗೇಮಿಂಗ್ ಹಬ್, ಹೀಗೆ ಪ್ರತಿ ಕಂಪನಿಗೂ ತನ್ನದೊಂದು ಇದೆ. ಅದರಲ್ಲಿ ಇಕೋ ಅಥವಾ ಸಣ್ಣ ಚಿಪ್ ಮಾತ್ರ ಎಂಬ ಅರ್ಥದ ಮೋಡ್ ಆನ್ ಆಗಿದ್ದರೆ ದೊಡ್ಡದರ ಸಂಪರ್ಕವೇ ಕಡಿದುಹೋಗುತ್ತದೆ. ಯಂತ್ರದ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲೂ ಸಿಗುವುದಿಲ್ಲ. ಕಾರ್ಡ್ ಸತ್ತೇಹೋಯಿತು ಎಂದುಕೊಳ್ಳುವವರು ಹೆಚ್ಚಾಗಿ ಇಲ್ಲೇ ಎಡವಿರುತ್ತಾರೆ. ಹೈಬ್ರಿಡ್ ಅಥವಾ ಸ್ಟ್ಯಾಂಡರ್ಡ್ ಮೋಡ್‌ಗೆ ಬದಲಿಸಿ ರೀಸ್ಟಾರ್ಟ್ ಮಾಡಿ.

ರೀಸ್ಟಾರ್ಟ್ ಎಂದೇ ಹೇಳಿದ್ದೇನೆ, ಗಮನಿಸಿ. ವಿಂಡೋಸ್‌ನಲ್ಲಿ ಶಟ್‌ಡೌನ್ ಮಾಡಿದರೆ ಬೇಗ ತೆರೆಯಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಕಾರಣಕ್ಕೆ ಹಳೆಯ ಸ್ಥಿತಿಯ ಒಂದು ಭಾಗ ಹಾಗೇ ಉಳಿದುಕೊಳ್ಳುತ್ತದೆ. ರೀಸ್ಟಾರ್ಟ್‌ನಲ್ಲಿ ಹಾಗಾಗದು.

ಅದೂ ಆಗಲಿಲ್ಲವೆಂದರೆ ಬಯೋಸ್ ಒಳಗೆ ಹೋಗಿ ಗ್ರಾಫಿಕ್ಸ್ ಮೋಡ್ ಎಂಬ ಸಾಲು ಹುಡುಕಬೇಕು. ಆದರೆ ಅಲ್ಲಿ ಕೈಹಾಕುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ, ಬಯೋಸ್ ಬದಲಾವಣೆಯಾದ ಮೇಲೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ಫೋನಿನಲ್ಲಿ ತೆರೆದು ಬರೆದಿಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ನೀಲಿ ಪರದೆ ಎದುರು ಕೂತು ಹಳೇ ಪಾಸ್‌ವರ್ಡ್ ನೆನಪಿಸಿಕೊಳ್ಳುವ ಪಾಡು ಯಾರಿಗೂ ಬೇಡ.

ಹೆಸರಿದೆ, ಕೆಲಸವಿಲ್ಲ ಎಂದಾದರೆ

ಸ್ಟುಡಿಯೊ ಹುಡುಗನದು ಇದೇ ಕೇಸು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್, ಹೀಗೆ ಒಂದೊಂದೇ ಬಾಗಿಲು ದಾಟಿ ಹೋಗಿ. ವಿಂಡೋಸ್ 10ಕ್ಕೆ ಈ ಪುಟ 2018ರ ಏಪ್ರಿಲ್ ಅಪ್‌ಡೇಟ್‌ನಲ್ಲಿ ಬಂತು, ವಿಂಡೋಸ್ 11ರಲ್ಲೂ ಇದೆ. ಇಲ್ಲಿ ಒಂದೊಂದು ಸಾಫ್ಟ್‌ವೇರ್‌ಗೂ ಬೇರೆ ಬೇರೆ ಅಪ್ಪಣೆ ಕೊಡಬಹುದು: ವಿಂಡೋಸೇ ತೀರ್ಮಾನಿಸಲಿ, ಪವರ್ ಸೇವಿಂಗ್, ಇಲ್ಲವೇ ಹೈ ಪರ್ಫಾರ್ಮೆನ್ಸ್. ಪವರ್ ಸೇವಿಂಗ್ ಎಂದರೆ ಸಣ್ಣದು. ಹೈ ಪರ್ಫಾರ್ಮೆನ್ಸ್ ಎಂದರೆ ದೊಡ್ಡದು.

ಹುಡುಗನ ಎಡಿಟಿಂಗ್ ಸಾಫ್ಟ್‌ವೇರ್ ಪವರ್ ಸೇವಿಂಗ್‌ನಲ್ಲಿ ಕೂತಿತ್ತು. ಕಾಲೇಜಿನಲ್ಲಿದ್ದಾಗ ಬ್ಯಾಟರಿ ಬರಲಿ ಅಂತ ಯಾವುದೋ ವಿಡಿಯೊ ನೋಡಿ ತಾನೇ ಹಾಕಿಕೊಂಡಿದ್ದನಂತೆ. ಮರೆತೇ ಹೋಗಿತ್ತು.

ಪಟ್ಟಿಯಲ್ಲಿ ನಿಮ್ಮ ಸಾಫ್ಟ್‌ವೇರ್ ಇಲ್ಲದಿದ್ದರೆ ಬ್ರೌಸ್ (ಹೊಸ ವಿಂಡೋಸ್ 11ರಲ್ಲಿ ಆ್ಯಡ್ ಡೆಸ್ಕ್‌ಟಾಪ್ ಆ್ಯಪ್) ಒತ್ತಿ ಸೇರಿಸಬೇಕು. ಜನ ತಪ್ಪುವುದು ಇಲ್ಲೇ. ಗೇಮ್ ತೆರೆಯುವ ಲಾಂಚರ್ ಅನ್ನು ಸೇರಿಸಿಬಿಡುತ್ತಾರೆ, ಗೇಮನ್ನಲ್ಲ. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಲಾಂಚರ್‌ಗೆ ನೀವು ಎಷ್ಟೇ ಹೈ ಪರ್ಫಾರ್ಮೆನ್ಸ್ ಕೊಟ್ಟರೂ ಪ್ರಯೋಜನವಿಲ್ಲ. ನಿಜವಾಗಿ ಓಡುವುದು ಜಾವಾಡಬ್ಲ್ಯೂ ಎಂಬ ಬೇರೆ ಫೈಲು. ಅದನ್ನು ಹಿಡಿಯಲು ಸುಲಭದ ದಾರಿ ಹೀಗಿದೆ: ಗೇಮ್ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ಗೆ ಹೋಗಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಓಪನ್ ಫೈಲ್ ಲೊಕೇಶನ್ ಒತ್ತಿ. ಫೈಲು ಇರುವ ಜಾಗ ತಾನೇ ತೆರೆಯುತ್ತದೆ. ಆ ದಾರಿಯನ್ನು ಕಾಪಿ ಮಾಡಿಕೊಂಡು ಬ್ರೌಸ್‌ನಲ್ಲಿ ಹಾಕಿ.

ಬದಲಿಸಿದ ಮೇಲೆ ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆಯಿರಿ. ಓಡುತ್ತಿರುವ ಗಾಡಿಯ ಎಂಜಿನ್ ಬದಲಾಗುವುದಿಲ್ಲ.

ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಮ್ಯಾನೇಜ್ 3ಡಿ ಸೆಟ್ಟಿಂಗ್ಸ್ ಒಳಗೆ ಇಂಥದ್ದೇ ಆಯ್ಕೆ ಇದೆ. ಹಳೆಯ ಲೇಖನಗಳೆಲ್ಲ ಅಲ್ಲಿಗೇ ಕಳಿಸುತ್ತವೆ. ಆದರೆ ಎರಡೂ ಕಡೆ ಬೇರೆ ಬೇರೆ ಹೇಳಿದ್ದರೆ ಈಗ ನಡೆಯುವುದು ವಿಂಡೋಸ್ ಮಾತೇ. ಹಾಗಾಗಿ ಪ್ಯಾನೆಲ್‌ನಲ್ಲಿ ಆಟೋ ಎಂದು ಬಿಟ್ಟು, ತೀರ್ಮಾನವನ್ನು ವಿಂಡೋಸ್ ಪುಟದಲ್ಲೇ ಮಾಡುವುದು ನನ್ನ ಪದ್ಧತಿ. ಯಜಮಾನರು ಒಬ್ಬರೇ ಇದ್ದರೆ ತಲೆನೋವು ಕಡಿಮೆ.

ಇಷ್ಟಾದರೂ ಹುಡುಗನ ಅಕ್ಷತೆ ಪೂರ್ತಿ ಕೆಳಗೆ ಬೀಳಲಿಲ್ಲ. ಸ್ವಲ್ಪ ಸುಧಾರಿಸಿತು, ಅಷ್ಟೇ. ಏಕೆಂದರೆ ದೊಡ್ಡ ಎಡಿಟಿಂಗ್ ಸಾಫ್ಟ್‌ವೇರ್‌ಗಳು ಲೆಕ್ಕದ ಕೆಲಸಕ್ಕೆ ಯಾವ ಚಿಪ್ ಬೇಕೆಂದು ತಮ್ಮೊಳಗೇ ಕೇಳುತ್ತವೆ. ಡಾವಿಂಚಿ ರಿಸಾಲ್ವ್ ಆದರೆ ಪ್ರಿಫರೆನ್ಸಸ್‌ನಲ್ಲಿ ಮೆಮೊರಿ ಮತ್ತು ಜಿಪಿಯು ಎಂಬ ಭಾಗವಿದೆ. ಬ್ಲೆಂಡರ್‌ನಲ್ಲಿ ಪ್ರಿಫರೆನ್ಸಸ್ ಒಳಗಿನ ಸಿಸ್ಟಮ್‌ನಲ್ಲಿ ಇದೆ. ಇವನ ಸಾಫ್ಟ್‌ವೇರ್‌ನಲ್ಲಿ ಆಟೋ ತೆಗೆದು ಸಣ್ಣದಕ್ಕೆ ಟಿಕ್ ಹಾಕಲಾಗಿತ್ತು. ಅದೇ ಹಳೇ ವಿಡಿಯೊದ ಕೃಪೆ. ಟಿಕ್ ಬದಲಿಸಿ ತೆರೆದೆವು. ಧಾರೆ ನೀರು ಸರಾಗವಾಗಿ ಹರಿಯಿತು.

ಡ್ರೈವರ್ ಮುಟ್ಟುವುದು ಕೊನೆಗೆ

ಡ್ರೈವರ್ ಎಂದರೆ ಕಾರ್ಡಿಗೂ ವಿಂಡೋಸ್‌ಗೂ ಮಾತು ಹೊಂದಿಸುವ ಸಾಫ್ಟ್‌ವೇರ್. ಅದನ್ನು ತೆಗೆದು ಮತ್ತೆ ಹಾಕುವುದನ್ನೇ ಅಂಗಡಿಗಳಲ್ಲಿ ಮೊದಲು ಮಾಡುತ್ತಾರೆ. ನನ್ನ ಪ್ರಕಾರ ಇದು ಕೊನೆಯ ಹೆಜ್ಜೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಮೇಲೆ ಹಳದಿ ತ್ರಿಕೋನವಿದ್ದು ಕೋಡ್ 43 ಎಂದು ಬರುತ್ತಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಹಳೆಯ ಡ್ರೈವರ್ ಅಳಿಸಲು ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ಸಾಧನವಿದೆ. ಹೊಸ ಡ್ರೈವರ್‌ಗಳನ್ನು ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಮೊದಲೇ ಇಳಿಸಿಟ್ಟುಕೊಳ್ಳಿ. ಸಣ್ಣದು, ದೊಡ್ಡದು ಎರಡರದ್ದೂ ಬೇಕು. ಇಂಟರ್‌ನೆಟ್ ಕಡಿದು, ಸೇಫ್ ಮೋಡ್‌ನಲ್ಲಿ (ವಿಂಡೋಸ್ ತೀರಾ ಅಗತ್ಯದ್ದನ್ನಷ್ಟೇ ತೆರೆಯುವ ಸ್ಥಿತಿ) ಹಳೆಯದನ್ನು ತೆಗೆದು, ಮೊದಲು ಸಣ್ಣದರ ಡ್ರೈವರ್ ಹಾಕಿ, ಆಮೇಲೆ ದೊಡ್ಡದರದ್ದು. ಇಂಟರ್‌ನೆಟ್ ಕಡಿಯದಿದ್ದರೆ ನೀವು ಕೈ ತೊಳೆದು ಬರುವಷ್ಟರಲ್ಲಿ ವಿಂಡೋಸ್ ತನಗೆ ತೋಚಿದ್ದನ್ನು ಹಾಕಿ ಕೂತಿರುತ್ತದೆ. ಬಿಟ್‌ಲಾಕರ್ ಮಾತು ಇಲ್ಲಿಗೂ ಅನ್ವಯ, ಸೇಫ್ ಮೋಡ್ ಕೂಡ ಕೀ ಕೇಳಬಹುದು.

ಲಿನಕ್ಸ್ ಬಳಸುವವರಿಗೆ

2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಕಡೆ ಬೆರಳು ತೋರಿಸಿ ಎನ್‌ವಿಡಿಯಾಗೆ ಬೈದದ್ದು ಎಲ್ಲರಿಗೂ ನೆನಪಿರಬಹುದು. ಆ ಬೈಗುಳಕ್ಕೆ ಕಾರಣವಾದ ಪ್ರಶ್ನೆ ಇದೇ ಆಪ್ಟಿಮಸ್ ಬಗ್ಗೆ! ಈಗ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ. ಉಬುಂಟುನಲ್ಲಿ ಎನ್‌ವಿಡಿಯಾದ ಸ್ವಂತ ಡ್ರೈವರ್ ಹಾಕಿದ್ದರೆ ಪ್ರೈಮ್-ಸೆಲೆಕ್ಟ್ ಎಂಬ ಆಜ್ಞೆಯಿಂದ ಸಣ್ಣದು, ದೊಡ್ಡದು, ಆನ್-ಡಿಮ್ಯಾಂಡ್ (ಬೇಕಾದಾಗ ಮಾತ್ರ ದೊಡ್ಡದು) ಮೂರರಲ್ಲಿ ಒಂದನ್ನು ಆರಿಸಬಹುದು. ಡ್ರೈವರ್ ಹಾಕಿದರೂ ಲೋಡ್ ಆಗದಿದ್ದರೆ ಸಹಿಯಿಲ್ಲದ ಸಾಫ್ಟ್‌ವೇರ್‌ಗೆ ಅಡ್ಡ ನಿಲ್ಲುವ ಸೆಕ್ಯೂರ್ ಬೂಟ್ ತಡೆದಿದೆಯಾ ಎಂದು ಮೊದಲು ನೋಡಿ.

ಎದ್ದದ್ದು ಮಲಗುತ್ತಲೇ ಇಲ್ಲ!

ವಾರ ಬಿಟ್ಟು ಹುಡುಗ ಮತ್ತೆ ಫೋನ್ ಮಾಡಿದ. "ಸಾರ್, ಈಗ ಬ್ಯಾಟರಿ ನಿಲ್ತಾ ಇಲ್ಲ. ಸುಮ್ನೆ ಇಟ್ರೂ ಫ್ಯಾನ್ ಓಡುತ್ತೆ."

ಸ್ಪೀಡ್ ಸಿಕ್ಕಿದ ಖುಷಿಗೆ ಅವನು ಬ್ರೌಸರ್, ಹಾಡಿನ ಪ್ಲೇಯರ್, ವಾಟ್ಸ್ಆ್ಯಪ್ ಎಲ್ಲಕ್ಕೂ ಹೈ ಪರ್ಫಾರ್ಮೆನ್ಸ್ ಕೊಟ್ಟುಬಿಟ್ಟಿದ್ದ. ಒಂದು ಲೋಟ ಕಾಫಿಗೂ ಭಟ್ಟರೇ ಬೇಕು ಎಂದಂತಾಯಿತು. ಅವನ್ನೆಲ್ಲ ವಾಪಸ್ ಪವರ್ ಸೇವಿಂಗ್‌ಗೆ ತಳ್ಳಿಸಿದೆ.

ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಡೆಸ್ಕ್‌ಟಾಪ್ ಮೆನುವಿನಲ್ಲಿ ಜಿಪಿಯು ಚಟುವಟಿಕೆಯ ಐಕಾನ್ ತೋರಿಸುವ ಸಾಲಿದೆ. ಅದಕ್ಕೆ ಟಿಕ್ ಹಾಕಿದರೆ ಗಡಿಯಾರದ ಪಕ್ಕ ಒಂದು ಪುಟ್ಟ ಚಿಹ್ನೆ ಬರುತ್ತದೆ. ಅದಕ್ಕೆ ಬಣ್ಣ ಬಂದರೆ ದೊಡ್ಡದು ಎಚ್ಚರವಿದೆ ಎಂದರ್ಥ. ಕ್ಲಿಕ್ ಮಾಡಿದರೆ ಎಬ್ಬಿಸಿದವರ ಹೆಸರೂ ಸಿಗುತ್ತದೆ. ಎನ್‌ವಿಡಿಯಾ-ಎಸ್‌ಎಂಐ ಎಂಬ ಆಜ್ಞೆ ಕೊಟ್ಟೂ ನೋಡಬಹುದು, ಆದರೆ ಆ ಆಜ್ಞೆಯೇ ಮಲಗಿದ್ದನ್ನು ಎಬ್ಬಿಸುತ್ತದೆ. ನಿದ್ದೆ ಬಂತಾ ಎಂದು ಮಗುವನ್ನು ಅಲುಗಾಡಿಸಿ ಕೇಳಿದ ಹಾಗೆ.

ಹುಡುಗನ ಐಕಾನ್ ಆಮೇಲೂ ಬಣ್ಣದಲ್ಲೇ ಇತ್ತು. ಕ್ಲಿಕ್ ಮಾಡಿದರೆ ಯಾವ ಸಾಫ್ಟ್‌ವೇರ್ ಹೆಸರೂ ಇಲ್ಲ. "ಲ್ಯಾಪ್‌ಟಾಪ್‌ಗೆ ಬೇರೆ ಏನಾದರೂ ಚುಚ್ಚಿದ್ದೀಯಾ?" ಎಂದು ಕೇಳಿದೆ. ಗಿರಾಕಿಗಳಿಗೆ ತೋರಿಸಲು ಗೋಡೆ ಮೇಲಿನ ಟೀವಿಗೆ ಎಚ್‌ಡಿಎಂಐ ಕೇಬಲ್ ಹಾಕಿದ್ದನಂತೆ. ಹಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಆ ತೂತು ನೇರವಾಗಿ ದೊಡ್ಡ ಕಾರ್ಡಿಗೇ ಸೇರಿರುತ್ತದೆ. ಕೇಬಲ್ ಇರುವಷ್ಟು ಹೊತ್ತೂ ಅದಕ್ಕೆ ನಿದ್ದೆಯಿಲ್ಲ.

ಕೇಬಲ್ ಕಿತ್ತ. ಅರ್ಧ ನಿಮಿಷದಲ್ಲಿ ಐಕಾನ್ ಬೂದು ಬಣ್ಣಕ್ಕೆ ತಿರುಗಿತು. ಫೋನಿನಲ್ಲೇ ಫ್ಯಾನ್ ಸದ್ದು ಇಳಿದದ್ದು ನನಗೂ ಕೇಳಿಸಿತು.