ಆಮ್ಲೀಯ ಕೆಂಪು ಮಣ್ಣಿನಲ್ಲಿ ಕಡಿಮೆ ರಂಜಕದ ಮೆಕ್ಕೆಜೋಳ: ನನ್ನ ಅನುಭವ

ಎಕರೆಗೆ 14 ಕಿಲೋ ಆಸುಪಾಸಿನ ರಂಜಕ ಕೊಟ್ಟು 22 ಕ್ವಿಂಟಲ್ ಮೆಕ್ಕೆಜೋಳ ತೆಗೆಯಬಹುದು, ಅದೂ ಸಾರವಿಲ್ಲದ ಆಮ್ಲೀಯ ಕೆಂಪು ಮಣ್ಣಿನಲ್ಲಿ, ಎಂದು ನಾನು ಹೇಳಿದಾಗ ನಂಬಿದವರು ಯಾರೂ ಇರಲಿಲ್ಲ. ಅದೇ ಹೊಲಕ್ಕೆ ಮೂರು ಪಟ್ಟು ರಂಜಕ ಸುರಿದೂ ಇಳುವರಿ 13 ಕ್ವಿಂಟಲ್ ದಾಟದೇ ಇದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ಆದ್ದರಿಂದ ಅವರ ಸಂಶಯ ಅಸಹಜವೇನೂ ಆಗಿರಲಿಲ್ಲ. ಈಗ ಮಳೆ ಚೆನ್ನಾಗಿದ್ದ ಹಂಗಾಮಿನಲ್ಲೂ ಮಳೆ ಕೈಕೊಟ್ಟ ಹಂಗಾಮಿನಲ್ಲೂ ಈ ಕ್ರಮ ಪಕ್ಕದ ಪಟ್ಟಿಗಳನ್ನು ಮೀರಿಸಿ ನಿಂತಿರುವುದರಿಂದ ಬರೆಯುತ್ತಿದ್ದೇನೆ. ರಂಜಕ ಎಂದಾಗಲೆಲ್ಲ ಚೀಲದ ಮೇಲೆ ಮುದ್ರಿಸಿರುವ ಆಕ್ಸೈಡ್ (P₂O₅) ಲೆಕ್ಕವನ್ನೇ ಹಿಡಿದಿದ್ದೇನೆ. ಅಂಕಿಗಳನ್ನು ಹೆಚ್ಚಾಗಿ ನೆನಪಿನಿಂದ ಕೊಡುತ್ತಿರುವುದರಿಂದ ಅರ್ಧ ಕ್ವಿಂಟಲ್ ಅತ್ತಿತ್ತ ಆಗಬಹುದು.

ಮೊದಲು ನಡೆಯುತ್ತಿದ್ದುದು ಎಲ್ಲರಿಗೂ ಗೊತ್ತಿರುವ ಕ್ರಮವೇ. ಕೊನೆಯ ಉಳುಮೆಗೆ ಮುಂಚೆ ಎಕರೆಗೆ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಎರಚಿ, ಕುಂಟೆ ಹೊಡೆದು, ಬಿತ್ತನೆ ಮಾಡುವುದು. ಒಂದು ಚೀಲದಲ್ಲಿ 23 ಕಿಲೋ ರಂಜಕ ಮಣ್ಣಿಗೆ ಸೇರುತ್ತಿತ್ತು. ಹೀಗಿದ್ದೂ ಮೂರನೆಯ ವಾರಕ್ಕೆ ಸಸಿಗಳ ಎಲೆಯಂಚು ನೇರಳೆಗೆ ತಿರುಗುತ್ತಿತ್ತು, ಕಾಂಡ ಕಡ್ಡಿಯಂತೆ ಸಣ್ಣಗಾಗುತ್ತಿತ್ತು, ಸೂಲಂಗಿ ಒಂದು ವಾರದಷ್ಟು ತಡವಾಗುತ್ತಿತ್ತು, ತೆನೆಯ ತುದಿ ಕಾಳು ಕಟ್ಟದೆ ಬೋಳಾಗಿ ಉಳಿಯುತ್ತಿತ್ತು. ಮಣ್ಣು ರಂಜಕವನ್ನು ನುಂಗುತ್ತಿದ್ದರೆ ಅದರ ಹೊಟ್ಟೆ ತುಂಬುವಷ್ಟು ಹಾಕಬೇಕು ಎಂಬುದು ಆಗ ಸಿಕ್ಕ ಸಲಹೆ. ಒಂದು ಭಾಗಕ್ಕೆ ಎರಡು ಚೀಲ ಎರಚಿ ನೋಡಿದೆ. ನೇರಳೆ ಬಣ್ಣ ಸ್ವಲ್ಪ ಕಡಿಮೆಯಾಯಿತು. ಇಳುವರಿ ಏರಿದ್ದು ಅರ್ಧ ಕ್ವಿಂಟಲ್ ಕೂಡ ಇರಲಿಲ್ಲ. ಆ ಕಾಳು ಮಾರಿದ ಹಣ ಎರಡನೆಯ ಚೀಲದ ಬೆಲೆಗೇ ಸಾಲಲಿಲ್ಲ. ರಂಜಕವನ್ನೇ ಕೊಡದೆ ಬಿಟ್ಟಿದ್ದ ಪಟ್ಟಿಯಲ್ಲಿ 8 ಕ್ವಿಂಟಲ್ ಬಂದಿತ್ತು. ಅಂದರೆ ರಂಜಕ ಬೇಕೇ ಬೇಕು, ಆದರೆ ಹೆಚ್ಚಿಸಿದಷ್ಟೂ ಫಲವಿಲ್ಲ.

ಮಣ್ಣು ಪರೀಕ್ಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ರಸಸಾರ (ಪಿಎಚ್; ಏಳಕ್ಕಿಂತ ಕೆಳಗೆ ಇಳಿದಷ್ಟೂ ಮಣ್ಣು ಹೆಚ್ಚು ಆಮ್ಲೀಯ) ಆರಕ್ಕಿಂತ ಕೆಳಗಿರುವ ಮಣ್ಣಿಗೆ, ಬೆಳೆಗೆ ಸಿಗುವ ರಂಜಕವನ್ನು ಅಳೆಯುವ ಬ್ರೇ ವಿಧಾನದ ಅಂಕಿ ಬೇಕು. ಓಲ್ಸೆನ್ ವಿಧಾನ ತಟಸ್ಥ ಮತ್ತು ಕ್ಷಾರೀಯ ಮಣ್ಣಿಗೆ ಹೆಚ್ಚು ಹೊಂದುತ್ತದೆ. ವರದಿಯಲ್ಲಿ ಯಾವ ವಿಧಾನ ಎಂದು ನಮೂದಿಸದೇ ಇದ್ದರೆ ಕೇಳಿ ಬರೆಸಿಕೊಳ್ಳಬೇಕು, ಏಕೆಂದರೆ ಒಂದರ ಅಂಕಿಯನ್ನು ಇನ್ನೊಂದರ ಪಟ್ಟಿಯಲ್ಲಿ ಓದಿದರೆ ಲೆಕ್ಕವೆಲ್ಲ ದಾರಿ ತಪ್ಪುತ್ತದೆ. ನನ್ನ ಹೊಲದ ಬ್ರೇ ಅಂಕಿ ನಾಲ್ಕೈದು ಪಿಪಿಎಂ (ಹತ್ತು ಲಕ್ಷದಲ್ಲಿ ನಾಲ್ಕೈದು ಭಾಗ, ಅಂದರೆ ತೀರಾ ಕಡಿಮೆ) ಇತ್ತು, ರಸಸಾರ 5.1 ಇತ್ತು. ಈ ಎರಡು ಅಂಕಿಗಳು ಒಟ್ಟಿಗೆ ಬಂದರೆ ಅರ್ಥ ಸ್ಪಷ್ಟ: ಎರಚಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಜೊತೆಗೆ ಕರಗಿದ ಅಲ್ಯೂಮಿನಿಯಂ ಬೇರಿನ ತುದಿಯನ್ನೇ ಮೊಂಡಾಗಿಸುತ್ತದೆ. ರಂಜಕವು ಮಣ್ಣಿನಲ್ಲಿ ಹಂಗಾಮಿಡೀ ಚಲಿಸುವುದು ಕೆಲವೇ ಮಿಲಿಮೀಟರ್. ಬೇರು ಅಲ್ಲಿಗೆ ಹೋಗಬೇಕೇ ಹೊರತು ಅದು ಬೇರಿನ ಬಳಿಗೆ ಬರುವುದಿಲ್ಲ. ಬೀಜದಲ್ಲಿ ಕೂಡಿಟ್ಟ ರಂಜಕ ಹೆಚ್ಚೆಂದರೆ ಎರಡು ವಾರ ಸಾಕಾಗುತ್ತದೆ. ಅಲ್ಲಿಂದ ಆರನೆಯ ಎಲೆ ಬಿಚ್ಚುವವರೆಗೆ ಸಸಿ ಹಸಿದರೆ, ಆಮೇಲೆ ಎಷ್ಟು ಕೊಟ್ಟರೂ ಆ ನಷ್ಟ ತುಂಬುವುದಿಲ್ಲ. ನಾನು ಬದಲಾಯಿಸಿದ್ದೆಲ್ಲ ಈ ಮೊದಲ ನಾಲ್ಕು ವಾರಗಳಿಗಾಗಿ.

ಮೊದಲ ಕೆಲಸ ಸುಣ್ಣದ್ದು. ಎಕರೆಗೆ ನಾಲ್ಕೈದು ಕ್ವಿಂಟಲ್ ಸುಣ್ಣಕಲ್ಲಿನ ಪುಡಿಯನ್ನು ಬಿತ್ತನೆಗೆ ಒಂದೂವರೆ ತಿಂಗಳು ಮುಂಚೆ ಎರಚಿ ಉಳುಮೆ ಮಾಡಿಸಿದೆ. ರಸಸಾರ 5.7ರ ಹತ್ತಿರ ಬಂದು ನಿಂತಿತು. ಅಷ್ಟೇ ಸಾಕು ಎಂದು ಅಲ್ಲಿಗೇ ನಿಲ್ಲಿಸಿದೆ. ಏಳಕ್ಕೆ ಒಯ್ಯುವ ಹಟ ಹಿಡಿದವರ ಹೊಲದಲ್ಲಿ ಸತುವಿನ ಕೊರತೆ ಕಾಣಿಸಿಕೊಂಡದ್ದನ್ನು ನಾನು ನೋಡಿದ್ದೇನೆ. ಪುಡಿ ನುಣ್ಣಗಿರಬೇಕು, ಹರಳು ಹರಳಾಗಿರುವ ಸುಣ್ಣಕಲ್ಲು ವರ್ಷಗಟ್ಟಲೆ ಮಣ್ಣಿನಲ್ಲಿ ಹಾಗೇ ಬಿದ್ದಿರುತ್ತದೆ. ಸುಣ್ಣವನ್ನು ಯಾವ ಕಾರಣಕ್ಕೂ ಸೂಪರ್ ಫಾಸ್ಫೇಟ್ ಎಂಬ ರಂಜಕದ ಗೊಬ್ಬರದ ಜೊತೆ ಬೆರೆಸಬಾರದು.

ಎರಡನೆಯದು, ಗೊಬ್ಬರ ಬೀಳುವ ಜಾಗ. ಬೀಜದ ಸಾಲಿನಿಂದ ಪಕ್ಕಕ್ಕೆ 5 ಸೆಂಟಿಮೀಟರ್, ಬೀಜಕ್ಕಿಂತ ಕೆಳಗೆ 5 ಸೆಂಟಿಮೀಟರ್. ಇದು ಹೊಸ ವಿಷಯವಲ್ಲ, ಎಲ್ಲರೂ ಕೇಳಿರುತ್ತಾರೆ. ಆದರೆ ಕೂರಿಗೆಯಲ್ಲಿ ಇದನ್ನು ನಿಜವಾಗಿ ಸಾಧಿಸಿದವರು ಕಡಿಮೆ. ಗೊಬ್ಬರದ ತಾಳು (ಮಣ್ಣು ಬಗೆದು ಗೊಬ್ಬರ ಇಳಿಸುವ ಕೊಳವೆ) ಬೀಜದ ತಾಳಿಗಿಂತ ಮುಂದೆ ಓಡಬೇಕು, ಅದು ಬಗೆದ ಸಾಲಿಗೆ ಮಣ್ಣು ಕುಸಿದು ಮುಚ್ಚಿದ ಮೇಲೆ ಬೀಜ ಬೀಳಬೇಕು. ಎರಡೂ ಒಂದೇ ಸಾಲಿಗೆ ಇಳಿದರೆ ಏನಾಗುತ್ತದೆ ಎಂದು ತೋರಿಸಲು ಡಿಎಪಿ ಬಳಸಿ ಕೆಲವು ಸಾಲುಗಳನ್ನು ಬೇಕೆಂದೇ ಹಾಗೆ ಬಿತ್ತಿದೆ. ಡಿಎಪಿ ಕರಗುವಾಗ ಅಮೋನಿಯ ಬಿಡುತ್ತದೆ. ತೇವ ಕಡಿಮೆಯಿದ್ದ ಕಡೆ ಮೂರರಲ್ಲಿ ಒಂದು ಬೀಜ ಮೊಳೆಯಲೇ ಇಲ್ಲ, ಮೊಳೆತವು ಕಂದು ಬೇರಿನೊಡನೆ ನರಳಿದವು. ಪಕ್ಕದಲ್ಲಿ ಆಳಕ್ಕೆ ಹಾಕಿದ ಸಾಲುಗಳಲ್ಲಿ ಒಂದು ಖಾಲಿ ಜಾಗವೂ ಇರಲಿಲ್ಲ. ಆಳಕ್ಕೆ ಹಾಕುವುದರಲ್ಲಿ ಇನ್ನೊಂದು ಲಾಭವಿದೆ: ಮೇಲಿನ ಎರಡು ಅಂಗುಲ ಮಣ್ಣು ಒಣಗಿ ಹೋದರೂ 9–10 ಸೆಂಟಿಮೀಟರ್ ಆಳದಲ್ಲಿ ತೇವ ಉಳಿದಿರುತ್ತದೆ, ತೇವವಿದ್ದಲ್ಲಿ ಮಾತ್ರ ಬೇರಿಗೆ ರಂಜಕ ಸಿಗುತ್ತದೆ.

ಮೂರನೆಯದು ಗೊಬ್ಬರದ ಆಯ್ಕೆ. ನಾನು ಡಿಎಪಿ ಬಿಟ್ಟು ಸಿಂಗಲ್ ಸೂಪರ್ ಫಾಸ್ಫೇಟಿಗೆ ಬಂದೆ. ಅದರಲ್ಲಿ ರಂಜಕ ಶೇ. 16 ಮಾತ್ರ ಎಂದು ಹಲವರು ಹಗುರವಾಗಿ ಕಾಣುತ್ತಾರೆ, ಆದರೆ ಶೇ. 11ರಷ್ಟು ಗಂಧಕ ಮತ್ತು ಸಾಕಷ್ಟು ಕ್ಯಾಲ್ಸಿಯಂ ಅದರೊಡನೆ ಬರುತ್ತವೆ, ಸಾವಯವ ಅಂಶವಿಲ್ಲದ ಮಣ್ಣಿಗೆ ಗಂಧಕದ ಕೊರತೆಯೂ ಇದ್ದೇ ಇರುತ್ತದೆ. ಎಕರೆಗೆ 90 ಕಿಲೋ ಸೂಪರ್ ಅಂದರೆ 14 ಕಿಲೋ ಚಿಲ್ಲರೆ ರಂಜಕ. ಸಾಲಿನ ಅಂತರ 60 ಸೆಂಟಿಮೀಟರ್ ಇದ್ದರೆ ಪ್ರತಿ ಮೀಟರ್ ಸಾಲಿಗೆ ಸುಮಾರು 13 ಗ್ರಾಂ ಬೀಳಬೇಕು. ಕೂರಿಗೆಯನ್ನು ಹೊಲಕ್ಕೆ ಇಳಿಸುವ ಮುಂಚೆ ಹತ್ತು ಮೀಟರ್ ಓಡಿಸಿ, ತಾಳಿನ ಕೆಳಗೆ ಚೀಲ ಕಟ್ಟಿ, ಬಿದ್ದದ್ದನ್ನು ತೂಗಿ ನೋಡುವ ತಾಳ್ಮೆ ಇರಬೇಕು. ಇದನ್ನು ಮಾಡದೆ ಉಳಿದದ್ದೆಲ್ಲ ಮಾಡಿದರೆ ಪ್ರಯೋಜನವಿಲ್ಲ.

ಸೂಪರನ್ನು ನಾನು ಹಾಗೇ ಹಾಕುವುದಿಲ್ಲ. ಜರಡಿ ಹಿಡಿದ, ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಸಮತೂಕ ಬೆರೆಸಿ, ಕೆಲವು ದಿನ ನೆರಳಿನಲ್ಲಿ ರಾಶಿ ಹಾಕಿ, ಆಮೇಲೆ ಬಳಸುತ್ತೇನೆ. ಕಾಂಪೋಸ್ಟಿನ ಸಾವಯವ ಆಮ್ಲಗಳು ಕಬ್ಬಿಣ, ಅಲ್ಯೂಮಿನಿಯಂಗಳ ಮೇಲೆ ರಂಜಕ ಕೂರುವ ಜಾಗವನ್ನು ತಾವೇ ಹಿಡಿಯುತ್ತವೆ. ಈ ಮಿಶ್ರಣ ತಾಳಿನಲ್ಲಿ ಕಟ್ಟಿಕೊಳ್ಳದೆ ಸಲೀಸಾಗಿ ಇಳಿಯುವಂತೆ ಮಾಡುವುದು ಸುಲಭವಲ್ಲ. ರಾಶಿಗೆ ಎಷ್ಟು ನೀರು, ಎಷ್ಟು ದಿನ, ಕೊನೆಯಲ್ಲಿ ಯಾವುದರಿಂದ ಒಣಗಿಸಬೇಕು ಎಂಬುದಕ್ಕೆ ನನ್ನದೇ ಒಂದು ಕ್ರಮವಿದೆ; ಬಹಳ ಕಾಲ ಹಿಡಿದು ಕಂಡುಕೊಂಡದ್ದಾದ್ದರಿಂದ ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆ ಕ್ರಮವಿಲ್ಲದವರು ಸೂಪರನ್ನು ಒಂಟಿಯಾಗಿ ಸಾಲಿಗೆ ಹಾಕಿದರೂ ಮುಕ್ಕಾಲು ಪಾಲು ಫಲ ಸಿಗುತ್ತದೆ. ಇದರೊಡನೆ ಎಕರೆಗೆ ಹತ್ತು ಕಿಲೋ ಅಮೋನಿಯಂ ಸಲ್ಫೇಟ್ ಸೇರಿಸುತ್ತೇನೆ. ರಂಜಕವೂ ಅಮೋನಿಯಂ ಸಾರಜನಕವೂ ಒಂದೇ ಜಾಗದಲ್ಲಿದ್ದರೆ ಮೆಕ್ಕೆಜೋಳದ ಬೇರು ಅಲ್ಲಿ ಪೊದೆಯಂತೆ ಒಡೆದು ಹರಡುತ್ತದೆ. ಗಿಡ ಕಿತ್ತು ನೋಡಿದವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ. ಉಳಿದ ಸಾರಜನಕವನ್ನು ಎಂದಿನಂತೆ ಮೇಲುಗೊಬ್ಬರವಾಗಿ ಕೊಡುತ್ತೇನೆ.

ಇಲ್ಲಿ ಸತುವಿನ ವಿಚಾರ ಬರುತ್ತದೆ. ರಂಜಕ ಒಂದೇ ಕಡೆ ಒತ್ತಾಗಿ ಬಿದ್ದ ಮೊದಲ ಹಂಗಾಮಿನಲ್ಲಿ ಹಲವು ಸಸಿಗಳ ಎಳೆಯ ಎಲೆಗಳಲ್ಲಿ, ನಡುನರದ ಎರಡೂ ಬದಿ ಬಿಳಿ ಪಟ್ಟೆ ಮೂಡಿತು. ಕ್ರಮವೇ ಸೋತಿತು ಎಂದು ನೆರೆಯವರು ತೀರ್ಮಾನಿಸಿದ್ದು ಆಗಲೇ. ಅದು ಸತುವಿನ ಕೊರತೆ. ಅರ್ಧ ಪರ್ಸೆಂಟ್ ಸತುವಿನ ಸಲ್ಫೇಟನ್ನು ಅದರ ಅರ್ಧದಷ್ಟು ಸುಣ್ಣದ ತಿಳಿಯೊಡನೆ ಸಿಂಪಡಿಸಿದ ಮೇಲೆ ಹೊಸ ಎಲೆಗಳು ಹಸಿರಾಗಿ ಬಂದವು. ಈಗ ಬಿತ್ತನೆಗೆ ಮುಂಚೆಯೇ ಎಕರೆಗೆ 8–10 ಕಿಲೋ ಸತುವಿನ ಸಲ್ಫೇಟನ್ನು ಪ್ರತ್ಯೇಕವಾಗಿ ಎರಚುತ್ತೇನೆ, ರಂಜಕದ ಸಾಲಿಗೆ ಮಾತ್ರ ಬೆರೆಸುವುದಿಲ್ಲ. ಬೆರೆಸಿದರೆ ಎರಡೂ ಸೇರಿ ಗಟ್ಟಿಯಾಗುತ್ತವೆ. ಒಮ್ಮೆ ಹಾಕಿದ್ದು ಎರಡು ಮೂರು ಬೆಳೆಗೆ ಬರುತ್ತದೆ.

ಪಕ್ಕದ ತುಂಡುಗಳಲ್ಲಿ ಮಾಡಿದ ಪ್ರಯೋಗಗಳನ್ನೂ ಹೇಳುತ್ತೇನೆ. ಸುಣ್ಣ ಹಾಕದೆ ಬಿಟ್ಟ ಒಂದು ತುಂಡಿಗೆ ಶಿಲಾರಂಜಕದ (ರಂಜಕವಿರುವ ಕಲ್ಲಿನ) ಪುಡಿ ಎರಚಿದೆ, ಏಕೆಂದರೆ ಅದು ಕರಗಲು ಆಮ್ಲವೇ ಬೇಕು. ಸುಣ್ಣ ಹಾಕಿದ ಕಡೆ ಅದನ್ನು ಹಾಕಿದರೆ ದುಡ್ಡು ಮಣ್ಣುಪಾಲು. ಮೊದಲ ಬೆಳೆಯಲ್ಲಿ ಏನೂ ಕಾಣಲಿಲ್ಲ, ಎರಡನೆಯದರಲ್ಲಿ ಸ್ವಲ್ಪ, ಮೂರನೆಯದರಲ್ಲಿ ಮಾತ್ರ ಏನೂ ಹಾಕದ ಪಟ್ಟಿಗಿಂತ ಎರಡು ಮೂರು ಕ್ವಿಂಟಲ್ ಹೆಚ್ಚು ಬಂತು. ಕಾಯುವ ಶಕ್ತಿ ಇದ್ದವರಿಗೆ ಅದು ಅಗ್ಗದ ದಾರಿ, ಆದರೆ ಸಸಿಯ ಮೊದಲ ತಿಂಗಳ ಹಸಿವಿಗೆ ಉತ್ತರವಲ್ಲ. ರಂಜಕ ಕರಗಿಸುವ ಜೀವಾಣು ಗೊಬ್ಬರವನ್ನು ಬೀಜಕ್ಕೆ ಲೇಪಿಸಿದಾಗ ಕಾಂಪೋಸ್ಟ್ ಇದ್ದ ಸಾಲಿನಲ್ಲಿ ಅಲ್ಪಸ್ವಲ್ಪ ಗೆಲುವು ಕಂಡಿತು, ಇಲ್ಲದ ಸಾಲಿನಲ್ಲಿ ಕಾಣಲಿಲ್ಲ. ಶೇ. 2ರ ಡಿಎಪಿ ದ್ರಾವಣವನ್ನು ಎಲೆಗೆ ಸಿಂಪಡಿಸುವವರು ಒಂದು ಲೆಕ್ಕ ಮಾಡಬೇಕು: 200 ಲೀಟರಿನಲ್ಲಿ ಇರುವುದು 4 ಕಿಲೋ ಡಿಎಪಿ, ಅದರಲ್ಲಿ ರಂಜಕ 2 ಕಿಲೋಗೂ ಕಡಿಮೆ. ಎಲೆಯ ಬಣ್ಣ ತಿರುಗುತ್ತದೆ, ತೆನೆಯ ತೂಕ ತಿರುಗುವುದಿಲ್ಲ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಕಲಿಸಿದ್ದು ಸಾಸಿವೆ ಬೆಳೆದಿದ್ದ ತುಂಡು. ಅದೇ ಮಣ್ಣು, ಅದೇ ಗೊಬ್ಬರ, ಅದೇ ತಳಿ. ಆದರೂ ಸಾಸಿವೆಯ ನಂತರ ಬಿತ್ತಿದ ಮೆಕ್ಕೆಜೋಳ ಮಾತ್ರ ನೇರಳೆಯಾಗಿ ನಿಂತಿತು. ಬೇರಿನೊಡನೆ ಕೂಡಿ ಬದುಕುವ ಮೈಕೊರೈಜಾ ಶಿಲೀಂಧ್ರವು ರಂಜಕವನ್ನು ದೂರದಿಂದ ತಂದು ಕೊಡುತ್ತದೆ. ಸಾಸಿವೆ, ಕೋಸು ಜಾತಿಯ ಬೆಳೆಗಳ ಬೇರಿನಲ್ಲಿ ಅದು ನೆಲೆಸುವುದಿಲ್ಲ. ಹೊಲವನ್ನು ಬಹಳ ಕಾಲ ಬೀಳು ಬಿಟ್ಟರೂ ಅದರ ಸಂತತಿ ಕುಗ್ಗುತ್ತದೆ. ಅಂದಿನಿಂದ ಮೆಕ್ಕೆಜೋಳಕ್ಕೆ ಮುಂಚೆ ದ್ವಿದಳ ಬೆಳೆ ಇರುವಂತೆ ನೋಡಿಕೊಳ್ಳುತ್ತೇನೆ, ಇದಕ್ಕೆ ಬೇರೆ ಖರ್ಚೇ ಇಲ್ಲ. ನೇರಳೆ ಬಣ್ಣ ಕಂಡ ತಕ್ಷಣ ಗೊಬ್ಬರಕ್ಕೆ ಓಡುವುದೂ ಸರಿಯಲ್ಲ: ಕೆಲವು ತಳಿಗಳಿಗೆ ಆ ಬಣ್ಣ ಹುಟ್ಟುಗುಣ, ಮಣ್ಣು ತಣ್ಣಗಿದ್ದಾಗಲೂ ಅದು ಬಂದು ಹೋಗುತ್ತದೆ.

ಹಣದ ಮಾತು. ಮೊದಲ ವರ್ಷ ಅತಿ ದೊಡ್ಡ ಖರ್ಚು ಸುಣ್ಣ ಮತ್ತು ಅದರ ಸಾಗಣೆ; ಆ ವರ್ಷದ ಗೊಬ್ಬರದ ಖರ್ಚಿಗಿಂತ ಅದೇ ಹೆಚ್ಚಾಯಿತು. ಕೂರಿಗೆಗೆ ಗೊಬ್ಬರದ ತಾಳು ಜೋಡಿಸಿದ್ದು, ಕಾಂಪೋಸ್ಟ್ ಜರಡಿ ಹಿಡಿಸಿದ್ದು, ಬಿತ್ತನೆಗೆ ಒಂದು ಆಳು ಹೆಚ್ಚಾದದ್ದು ಎಲ್ಲ ಸೇರಿ ಮೊದಲ ಹಂಗಾಮಿನಲ್ಲಿ ಕೈಗೆ ಏನೂ ಉಳಿಯಲಿಲ್ಲ, ಇಳುವರಿ 17ಕ್ಕೆ ಏರಿದ್ದರೂ ಸಹ. ಡಿಎಪಿಯ ಮೂರರಲ್ಲೊಂದು ಸಾಂದ್ರತೆ ಇರುವುದರಿಂದ ಸೂಪರನ್ನು ಹೊರುವ, ಸಾಗಿಸುವ ಕೂಲಿಯೂ ಹೆಚ್ಚು. ಹೊಲ ದೂರವಿದ್ದವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಎರಡನೆಯ ಹಂಗಾಮಿನಲ್ಲಿ ಇಳುವರಿ 20 ದಾಟಿ ಸುಣ್ಣದ ಹಣ ಹಿಂದಿರುಗಿತು. ಸುಣ್ಣ ನಾಲ್ಕೈದು ವರ್ಷ ಬಾಳುವುದರಿಂದ ಅಲ್ಲಿಂದಾಚೆ ಉಳಿದದ್ದೆಲ್ಲ ಲಾಭವೇ. ಈಗ ಒಂದು ಕ್ವಿಂಟಲ್ ಕಾಳು ಬೆಳೆಯಲು ತಗಲುವ ರಂಜಕದ ಖರ್ಚು, ಕೂಲಿ ಸೇರಿಸಿದರೂ, ಎರಡು ಚೀಲ ಎರಚುತ್ತಿದ್ದ ಕಾಲದ ಅರ್ಧಕ್ಕಿಂತ ಕಡಿಮೆ ಇದೆ.

ಹಾಗೆಂದು ರಂಜಕವನ್ನು ಇನ್ನೂ ಇಳಿಸುತ್ತಾ ಹೋಗುವುದಕ್ಕೆ ನಾನು ಒಪ್ಪುವುದಿಲ್ಲ. ಒಂದು ಟನ್ ಕಾಳು ಹೊಲದಿಂದ ಆರೇಳು ಕಿಲೋ ರಂಜಕ ಹೊತ್ತೊಯ್ಯುತ್ತದೆ. 22 ಕ್ವಿಂಟಲಿಗೆ ಅದು ಸುಮಾರು 15 ಕಿಲೋ. ನಾನು ಕೊಡುವುದೂ ಅಷ್ಟೇ, ಕಾಂಪೋಸ್ಟಿನಿಂದ ಬರುವುದು ಮೇಲಿನ ಲಾಭ. ದಂಟನ್ನು ಹೊಲದಲ್ಲೇ ಕೊಚ್ಚಿ ಬಿಡುವುದರಿಂದ ಈ ಲೆಕ್ಕ ನಿಲ್ಲುತ್ತದೆ. ದಂಟನ್ನು ಮೇವಿಗೆ ಸಾಗಿಸುವವರು ಇನ್ನು ನಾಲ್ಕು ಕಿಲೋ ಸೇರಿಸಿಕೊಳ್ಳಬೇಕು. ಬ್ರೇ ಅಂಕಿ ಈಗ 8ರ ಸುಮಾರಿಗೆ ಏರಿದೆ. ಸಾಲು ಪ್ರತಿ ವರ್ಷ ಒಂದೇ ಕಡೆ ಬರದಂತೆ ಸ್ವಲ್ಪ ಸರಿಸಿ ಬಿತ್ತುತ್ತಿರುವುದರಿಂದ ಮಾದರಿ ತೆಗೆಯುವಾಗ ಹಳೆಯ ಸಾಲಿನ ಮೇಲೆಯೂ ನಡುವೆಯೂ ತೆಗೆದು ಬೆರೆಸುತ್ತೇನೆ, ಇಲ್ಲವಾದರೆ ಅಂಕಿ ಸುಳ್ಳು ಹೇಳುತ್ತದೆ. ಮುಂದಿನ ಹಂಗಾಮಿಗೆ ಒಂದು ಎಕರೆಯಲ್ಲಿ ಸಾಲಿನ ಅಂತರವನ್ನು 45ಕ್ಕೆ ಇಳಿಸಿ, ಮೀಟರಿಗೆ 10 ಗ್ರಾಂ ಸೂಪರ್ ಬೀಳುವಂತೆ ತಾಳು ಹೊಂದಿಸಿಟ್ಟಿದ್ದೇನೆ; ಎಕರೆಯ ಲೆಕ್ಕ ಅಷ್ಟೇ ಇರುತ್ತದೆ, ಬೇರು ನಡೆಯಬೇಕಾದ ದೂರ ಮಾತ್ರ ಕಡಿಮೆಯಾಗುತ್ತದೆ.