ಒಂದು ವಾಷರಿಗೆ ನಿಂತ ಪಂಪು

ನಾನು ಮೊದಲು ಕೂರಿಸಿದ ಕೈಪಂಪು ಹದಿನಾಲ್ಕೇ ತಿಂಗಳಿಗೆ ನಿಂತುಹೋಯಿತು. ಅಷ್ಟರಲ್ಲಿ ನಾವು ಉದ್ಘಾಟನೆ ಮುಗಿಸಿ, ಫೋಟೋ ತೆಗೆಸಿಕೊಂಡು, ವರದಿಯನ್ನೂ ಕಳಿಸಿಯಾಗಿತ್ತು. ಮತ್ತೆ ಹೋದಾಗ ಪಂಪಿನ ಹಿಡಿಕೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ನೀರಿಗೆ ಹಳೇ ಹೊಂಡವೇ ಗತಿಯಾಗಿತ್ತು.

ಬಿಚ್ಚಿ ನೋಡಿದರೆ ಕೆಟ್ಟಿದ್ದು ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ರಬ್ಬರ್ ವಾಷರ್. ಅಂಚು ಸವೆದು ತೆಳ್ಳಗಾಗಿತ್ತು, ಅಷ್ಟೇ. ಆದರೆ ಅದು ಇರುವುದು ಕೆಳಗೆ, ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡಿ ನೀರೆತ್ತುವ ಪಿಸ್ಟನ್ನಿಗೆ ಅಂಟಿಕೊಂಡು. ಇಂಡಿಯಾ ಮಾರ್ಕ್ 2 ಪಂಪಿನಲ್ಲಿ ಅದನ್ನು ತೆಗೆಯಲು ಕಬ್ಬಿಣದ ಪೈಪುಗಳನ್ನೆಲ್ಲ ಮೇಲೆತ್ತಬೇಕು. 30 ಮೀಟರ್ ಆಳ ಅಂದರೆ 3 ಮೀಟರಿನ 10 ಪೈಪು. ಅದಕ್ಕೆ ಬೇರೆಯದೇ ಸಲಕರಣೆ ಬೇಕು, ಜನವೂ ಬೇಕು. ಪಂಪನ್ನು ಬೈಯಬಾರದು, 1970ರ ದಶಕದ ಆ ವಿನ್ಯಾಸ ಬಲು ಗಟ್ಟಿ. ಆದರೆ ಕೆಟ್ಟರೆ ರಿಪೇರಿ ತಂಡ ಬರಬೇಕು. ಇಲ್ಲಿ ಆ ತಂಡ ಅಂದರೆ ನಾವೇ, ನಾವೋ ಗಂಟುಮೂಟೆ ಕಟ್ಟಿ ಹೊರಟಿದ್ದೆವು!

ಮುಂದಿನ ಊರಲ್ಲಿ ಮಾರ್ಕ್ 3 ಹಾಕಿದೆವು. ಇದರ ಪೈಪು ಅಗಲ. ಹಾಗಾಗಿ ಪೈಪನ್ನು ಮುಟ್ಟದೆ, ಹಿಡಿಕೆಯಿಂದ ಕೆಳಗಿಳಿಯುವ ಸರಳುಗಳ ಜೊತೆ ಪಿಸ್ಟನ್ ಅನ್ನು ಮೇಲೆಳೆದುಕೊಳ್ಳಬಹುದು. ಪೈಪು ಭಾರ ಜಾಸ್ತಿ, ಕೂರಿಸುವ ದಿನ ಸುಸ್ತಾಗುತ್ತದೆ. ಈ ಸಲ ಜಾಗ ಗೊತ್ತುಮಾಡುವ ಮೊದಲೇ ವಾಷರ್ ಎಲ್ಲಿ ಸಿಗುತ್ತದೆ ಅಂತ ನಾನೇ ಹೋಗಿ ನೋಡಿಬಂದೆ. ಮೊದಲ ಸಲ ನೀರಿನ ಪರೀಕ್ಷೆ ಮಾಡಿಸಿದ್ದೆವು, ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ರಿಪೇರಿ ಕಲಿಸಲು ಮೊದಲು ಹುಡುಗರನ್ನು ಹಿಡಿದೆ. ಚೆನ್ನಾಗಿ ಕಲಿತರು, ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಹೋದರು, ಒಬ್ಬ ಸ್ಪ್ಯಾನರ್ ಸಮೇತ. ಆಮೇಲೆ ನೀರು ಹೊರುವವರನ್ನೇ ಕೇಳಿದೆ. ಪಂಪು ನಿಂತರೆ ಬೆನ್ನು ನೋಯುವುದು ಅವರದೇ ಅಲ್ವಾ? ಒಬ್ಬ ಅಜ್ಜಿ "ನೀನು ತೋರಿಸ್ಬೇಡಪ್ಪ, ನಾನೇ ಬಿಚ್ತೀನಿ" ಅಂದರು. ಬಿಚ್ಚಿ, ಹೊಸ ವಾಷರ್ ಹಾಕಿ, ಎಲ್ಲ ಜೋಡಿಸಿದರು. ಎಷ್ಟು ಒತ್ತಿದರೂ ನೀರಿಲ್ಲ. ಬಟ್ಟಲಿನಂಥ ಆ ವಾಷರ್ ಬಾಯಿ ಮೇಲಿರಬೇಕು, ಅವರು ಬೋರಲು ಹಾಕಿದ್ದರು. ನನಗೆ ಗೊತ್ತಿತ್ತು. ಕೈ ಹಿಂದೆ ಕಟ್ಟಿಕೊಂಡು ಸುಮ್ನೆ ನಿಂತೆ, ಕಷ್ಟಪಟ್ಟು. ಮತ್ತೆ ಎಳೆದು, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ನೋಡಿ, "ಓ, ತಲೆಕೆಳಗು" ಅಂದರು.

ರಿಪೇರಿಯ ದುಡ್ಡಿನ ವಿಷಯದಲ್ಲಿ ಜಗಳ ಬೇಕಾದಷ್ಟಾಯಿತು. ನಾನು ತಿಂಗಳಿಗಿಷ್ಟು ಅಂತ ಬರೆದುಕೊಂಡು ಹೋಗಿದ್ದೆ. ಅವರು ಸುಗ್ಗಿಯಾದ ಮೇಲೆ ಒಂದೇ ಸಲ ಎತ್ತೋಣ ಅಂದರು. ಅದೇ ನಡೆಯಿತು.

ಮೂರು ವರ್ಷ ಬಿಟ್ಟು ಹೋದೆ. ನೀರು ಬರುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಎರಡು ವಾಷರಿನ ಖರ್ಚಿತ್ತು. ಯಾರೂ ನನಗೆ ಹೇಳಿಕಳಿಸಿರಲಿಲ್ಲ. ಒಂಚೂರು ಬೇಜಾರೂ ಆಯಿತು ಅನ್ನಿ.